ಬಾರ್ಬರಾ ಜಾನ್ಸ್ ಓದಿದ ಶಾಲೆ

ಬಾರ್ಬರಾ ಜಾನ್ಸ್ ಓದಿದ್ದು ಅಮೆರಿಕದ ವರ್ಜೀನಿಯಾದಲ್ಲಿ, ಪ್ರಿನ್ಸ್ ಎಡ್ವರ್ಡ್ ಎಂಬ ಪುಟ್ಟ ಕೌಂಟಿಯಲ್ಲಿ (ಕೌಂಟಿ ಎಂದರೆ ಅಲ್ಲಿನ ಜಿಲ್ಲೆ). ಕಪ್ಪುಜನರ ಮಕ್ಕಳಿಗೆಂದೇ ಇದ್ದ ಮೋಟನ್ ಸರ್ಕಾರಿ ಹೈಸ್ಕೂಲು ಅದು. 180 ಮಕ್ಕಳಿಗೆ ಕಟ್ಟಿದ ಶಾಲೆಯಲ್ಲಿ ಸುಮಾರು 450 ಮಂದಿ! ಕಾಮರ್ಸ್‌ನವನಾದ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಈ ಲೆಕ್ಕವೇ. ಹೆಚ್ಚಾದವರಿಗೆ ಟಾರು ಕಾಗದ ಹೊದಿಸಿದ, ಸೋರುವ ಷೆಡ್ಡುಗಳು.

1951ರ ಏಪ್ರಿಲ್ 23ರಂದು ಸುಳ್ಳು ಫೋನು ಮಾಡಿಸಿ ಪ್ರಿನ್ಸಿಪಾಲರನ್ನು ಹೊರಗೆ ಕಳುಹಿಸಿ (ನಮ್ಮ ಪ್ರಿನ್ಸಿಪಾಲ್ ಸಾಹೇಬರು ಈ ಸಾಲು ಬಿಟ್ಟು ಓದಲಿ), ಬಾರ್ಬರಾ ಎಲ್ಲರನ್ನೂ ಮುಷ್ಕರಕ್ಕೆ ಕರೆದರು. ಆಗ ಅವರಿಗೆ 16 ವರ್ಷ, ನನಗಿಂತ ಒಂದು ಕಡಿಮೆ. ಕೇಳಿದ್ದು ಸರಿಯಾದ ಕಟ್ಟಡ. ವಕೀಲರು ಬಂದ ಮೇಲೆ ಅದು ಬಿಳಿಯರ ಮಕ್ಕಳೊಂದಿಗೆ ಒಟ್ಟಿಗೆ ಓದುವ ಹಕ್ಕಿನ ಮೊಕದ್ದಮೆಯಾಗಿ 1954ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಕೌಂಟಿ ಮಣಿಯಲಿಲ್ಲ, 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟಿತು. ಬಾರ್ಬರಾ ಅಷ್ಟರಲ್ಲಿ ಊರು ಬಿಟ್ಟಿದ್ದರು. ಮುಂದೆ ಫಿಲಡೆಲ್ಫಿಯಾದಲ್ಲಿ ಗ್ರಂಥಪಾಲಕಿಯಾಗಿ ದುಡಿದು 1991ರಲ್ಲಿ ತೀರಿಕೊಂಡರು.