ಧರ್ಮಾನಂದ ಕೋಸಂಬಿ: ಸಂಸ್ಕೃತದಿಂದ ಪಾಳಿಗೆ

ಗೋವೆಯ ಸಾಂಖವಾಳದಲ್ಲಿ 1876ರಲ್ಲಿ ಜನಿಸಿದ ಧರ್ಮಾನಂದ ಕೋಸಂಬಿಯವರಿಗೆ ಬುದ್ಧನ ಪರಿಚಯವಾದದ್ದು ಮರಾಠಿಯ ಒಂದು ಬಾಲಪತ್ರಿಕೆಯಿಂದ. 1899ರಲ್ಲಿ ಅವರು ಹೆಂಡತಿಯನ್ನೂ ಎಳೆಯ ಮಗಳನ್ನೂ ಬಿಟ್ಟು ಜ್ಞಾನವನ್ನರಸಿ ಹೊರಟರು. ಆ ಜ್ಞಾನದ ಬೆಲೆಯನ್ನು ಮೊದಲು ತೆತ್ತವರು ಮನೆಯಲ್ಲುಳಿದವರೇ. ಕಾಶಿಯಲ್ಲಿ ಅನ್ನಛತ್ರದ ಊಟ, ಸಂಸ್ಕೃತ ವ್ಯಾಕರಣ. 1902ರಲ್ಲಿ ಸಿಂಹಳದ ವಿದ್ಯೋದಯದಲ್ಲಿ ಸುಮಂಗಲ ಮಹಾಸ್ಥವಿರರ ಬಳಿ ಪಾಳಿ.

ಕಾಶಿಯ ಪರಿಚಿತ ಪದಗಳಿಗೆ ಪಾಳಿಯಲ್ಲಿ ಬೇರೆಯೇ ಅರ್ಥವಿದೆ. ಸಂಸ್ಕಾರವೆಂದರೆ ವೈದಿಕರಿಗೆ ಉಪನಯನಾದಿ ಕರ್ಮ, ಯೋಗಶಾಸ್ತ್ರಕ್ಕೆ ಚಿತ್ತದಲ್ಲುಳಿದ ಅಚ್ಚು. ಪಾಳಿಯ ‘ಸಂಖಾರ’ವಾದರೋ ಕಾರಣಗಳು ಕೂಡಿ ರೂಪುಗೊಂಡ, ಆದ್ದರಿಂದಲೇ ಅಳಿಯುವ ಸಮಸ್ತವನ್ನೂ ಒಳಗೊಳ್ಳುತ್ತದೆ. ಗೀತೆಯಲ್ಲಿ ನಿರ್ವಾಣವು ಬ್ರಹ್ಮದೊಡನೆ ಸಮಾಸಗೊಂಡಿದೆ. ‘ನಿಬ್ಬಾನ’ ರಾಗ, ದ್ವೇಷ, ಮೋಹಗಳ ಬೆಂಕಿ ಆರುವುದು. ಅಲ್ಲಿ ಬ್ರಹ್ಮವನ್ನು ಸೇರುವ ಆತ್ಮವೇ ಇಲ್ಲ. ಪದ ಒಂದಾದರೆ ಅರ್ಥವೂ ಒಂದೆಂದು ನಂಬಿದವರು ಎಡವುವುದು ಇಲ್ಲಿಯೇ.

ಸಂಸ್ಕೃತದ ಕನ್ನಡಿಯಲ್ಲಿ ಬುದ್ಧನನ್ನು ನೋಡದೆ, ಕೋಸಂಬಿಯವರು ಪಾಳಿ ಮೂಲಗಳಿಂದಲೇ ಮರಾಠಿಯಲ್ಲಿ ಬರೆದರು. ಹಾರ್ವರ್ಡಿನಲ್ಲಿ ‘ವಿಸುದ್ಧಿಮಗ್ಗ’ದ ಸಂಪಾದನೆಗೆ ದುಡಿದರು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಳಿ ಕಲಿಸಿದರು. ವೃದ್ಧ, ರೋಗಿ, ಶವಗಳನ್ನು ಕಂಡು ಸಿದ್ಧಾರ್ಥ ಮನೆ ತೊರೆದನೆಂಬ ಕಥೆಯನ್ನು ‘ಭಗವಾನ್ ಬುದ್ಧ’ದಲ್ಲಿ ಅವರು ಒಪ್ಪಲಿಲ್ಲ, ಶಾಕ್ಯ ಕೋಲಿಯರ ನಡುವಣ ರೋಹಿಣಿ ನದಿಯ ನೀರಿನ ಕಲಹದತ್ತ ಬೆರಳು ತೋರಿದರು. ವಾದ ಚರ್ಚಾಸ್ಪದ, ಧೈರ್ಯ ನಿಸ್ಸಂದೇಹ. ಇತಿಹಾಸಕಾರ ಡಿ. ಡಿ. ಕೋಸಂಬಿ ಇವರ ಮಗ.

ಕಾಯಿಲೆಯಿಂದ ಬಳಲಿದ್ದ ಅವರು ಸೇವಾಗ್ರಾಮದಲ್ಲಿ ಆಹಾರ ತ್ಯಜಿಸಿ, 1947ರ ಜೂನ್ 4ರಂದು ತೀರಿಕೊಂಡರು. ಜೀವಮಾನವಿಡೀ ಬುದ್ಧನನ್ನು ವಿವರಿಸಿದವರು ಕೊನೆಗೆ ಹಿಡಿದದ್ದು ಜೈನರ ಸಲ್ಲೇಖನಕ್ಕೆ ಹತ್ತಿರವಾದ ದಾರಿ.