ಕಾರಿಗೆ 'ಸೆಲ್ಫ್' ಕೊಟ್ಟ ಕೆಟರಿಂಗ್: ಗೇರ್ ಕಾರಿಗೆ ರಿಮೋಟ್ ಸ್ಟಾರ್ಟ್ ಹಾಕಿಸುವ ಮುನ್ನ ಈ ಕಥೆ ಓದಿ

ಮನೆಯೊಳಗೆ ಕೂತು ಬಟನ್ ಒತ್ತಿದರೆ ಹೊರಗೆ ನಿಂತ ಕಾರು ತಾನೇ ಸ್ಟಾರ್ಟ್ ಆಗುತ್ತದೆ. ನೀವು ಹತ್ತುವಷ್ಟರಲ್ಲಿ ಎ.ಸಿ. ತಣ್ಣಗಾಗಿರುತ್ತದೆ. ಇಂಥ ವಿಡಿಯೋಗಳು ನಮ್ಮ ಫೋನಿಗೂ ಬರುತ್ತವೆ, ನಿಮ್ಮ ಫೋನಿಗೂ ಬಂದಿರಬಹುದು. ಯಾವ ಕಾರಿಗೆ ಬೇಕಾದರೂ ಈ ಕಿಟ್ ಹಾಕಿಸಬಹುದು ಎಂಬ ಮಾತೂ ಜೊತೆಗೆ ಬರುತ್ತದೆ. ಅದು ನಿಜವೇ? ಕ್ಲಚ್ ಮತ್ತು ಗೇರ್ ಇರುವ ಮ್ಯಾನುವಲ್ ಕಾರಿಗೆ ಇದು ಸುರಕ್ಷಿತವೇ?

ಉತ್ತರ ಹುಡುಕಲು ನಾವು ನೂರು ವರ್ಷಕ್ಕೂ ಹಿಂದಿನ ಒಬ್ಬ ಮನುಷ್ಯನ ಜೀವನಕ್ಕೆ ಹೋಗೋಣ. ನಾವು ದಿನವೂ 'ಸೆಲ್ಫ್ ಹೊಡಿ' ಅನ್ನುತ್ತೇವಲ್ಲ, ಆ ಸೆಲ್ಫ್ ಸ್ಟಾರ್ಟರನ್ನು ಕಾರಿಗೆ ತಂದವರು ಚಾರ್ಲ್ಸ್ ಕೆಟರಿಂಗ್.

ಕಣ್ಣು ಕೈಕೊಟ್ಟ ಹುಡುಗ

ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಅಮೆರಿಕದ ಓಹಾಯೊ ರಾಜ್ಯದ ಲೌಡನ್‌ವಿಲ್ ಎಂಬ ಊರಿನ ಬಳಿ. ಅವರದು ರೈತರ ಮನೆ. ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿ ಕೆಲಸ ಮಾಡಿ ಆಮೇಲೆ ಕಾಲೇಜು ಸೇರಿದರು. ಆದರೆ ಕಣ್ಣಿನ ತೊಂದರೆಯಿಂದ ಓದು ಅರ್ಧಕ್ಕೇ ನಿಂತಿತು. ಆಗ ಟೆಲಿಫೋನ್ ಕಂಬ ನೆಟ್ಟು ತಂತಿ ಎಳೆಯುವ ಕೆಲಸಕ್ಕೆ ಹೋದರು. ಆ ಕೆಲಸದಲ್ಲಿ ವಿದ್ಯುತ್ತಿನ ಒಲವು ಗಟ್ಟಿಯಾಯಿತು. ಮತ್ತೆ ಕಾಲೇಜಿಗೆ ಹೋಗಿ 1904ರಲ್ಲಿ ಎಂಜಿನಿಯರ್ ಆಗಿ ಹೊರಬಂದರು.

ಮೊದಲ ಕೆಲಸ ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ. ಅಂಗಡಿಯ ಗಲ್ಲಾಪೆಟ್ಟಿಗೆ ಯಂತ್ರವನ್ನು ಆಗ ಕೈಯಿಂದಲೇ ತಿರುಗಿಸಬೇಕಿತ್ತು. ಕೆಟರಿಂಗ್ ಅದಕ್ಕೊಂದು ಪುಟ್ಟ ವಿದ್ಯುತ್ ಮೋಟಾರ್ ಜೋಡಿಸಿದರು. ಆ ಮೋಟಾರ್ ದಿನವಿಡೀ ಓಡಬೇಕಿಲ್ಲ, ಒಂದೆರಡು ಕ್ಷಣ ಜೋರು ಕೊಟ್ಟರೆ ಸಾಕು. ಮುಂದೆ ಕಾರಿನ ಚರಿತ್ರೆ ಬದಲಿಸಿದ್ದು ಇದೇ ಉಪಾಯ.

ಹ್ಯಾಂಡಲ್ ಎಂಬ ಯಮ

ಹಳೆ ಡೀಸೆಲ್ ಪಂಪ್‌ಸೆಟ್‌ಗೆ ಹ್ಯಾಂಡಲ್ ಹಾಕಿ ತಿರುಗಿಸಿದವರಿಗೆ ಈ ಕಷ್ಟ ಗೊತ್ತು. ಆಗಿನ ಕಾರುಗಳನ್ನೂ ಹೀಗೇ ಸ್ಟಾರ್ಟ್ ಮಾಡಬೇಕಿತ್ತು. ಚಾಲಕ ಕಾರಿನ ಎದುರು ನಿಂತು, ಬಾಗಿ, ಕಬ್ಬಿಣದ ಹ್ಯಾಂಡಲ್ ತಿರುಗಿಸಬೇಕು. ಕಿಡಿ ಸ್ವಲ್ಪ ಬೇಗ ಹೊತ್ತಿದರೂ ಎಂಜಿನ್ ಹಿಮ್ಮುಖವಾಗಿ ಒದೆಯುತ್ತಿತ್ತು. ಕೈ, ಮಣಿಕಟ್ಟು, ದವಡೆ ಮುರಿಯುತ್ತಿದ್ದವು.

ಇನ್ನೊಂದು ಅಪಾಯವೂ ಇತ್ತು. ಕಾರು ಗೇರಿನಲ್ಲಿದ್ದರೆ ಸ್ಟಾರ್ಟ್ ಆದ ಕೂಡಲೇ ಮುಂದಕ್ಕೆ ನುಗ್ಗುತ್ತಿತ್ತು. ಎದುರಿಗೆ ನಿಂತವನು ಚಾಲಕನೇ! ಆದ್ದರಿಂದ ಮೊದಲು ಗೇರ್ ತಪ್ಪಿಸು, ಬ್ರೇಕ್ ಹಾಕು, ಆಮೇಲೆ ಹ್ಯಾಂಡಲ್ ಮುಟ್ಟು ಎಂಬುದು ಅಂದಿನ ಪಾಠ.

ಬೈರನ್ ಕಾರ್ಟರ್ ಎಂಬ ಕಾರು ತಯಾರಕರ ಕಥೆಯನ್ನು ನೀವು ಓದಿರಬಹುದು. ರಸ್ತೆಯಲ್ಲಿ ಕೆಟ್ಟು ನಿಂತ ಮಹಿಳೆಯೊಬ್ಬರ ಕ್ಯಾಡಿಲಾಕ್ ಕಾರನ್ನು ಸ್ಟಾರ್ಟ್ ಮಾಡಲು ಹೋಗಿ, ಹ್ಯಾಂಡಲ್ ಏಟಿಗೆ ದವಡೆ ಮುರಿದು ಸತ್ತರು ಎನ್ನುತ್ತದೆ ಆ ಕಥೆ. ಗೆಳೆಯನ ಸಾವಿನಿಂದ ನೊಂದ ಕ್ಯಾಡಿಲಾಕ್ ಮುಖ್ಯಸ್ಥ ಹೆನ್ರಿ ಲೇಲ್ಯಾಂಡ್ ಅವರು ಕೆಟರಿಂಗ್ ಬಳಿ ಹೋದರಂತೆ. ಹಲವು ಕಡೆ ಇದು 1910ರ ಚಳಿಗಾಲದಲ್ಲಿ ನಡೆಯಿತು ಎಂದು ಬರೆದಿರುತ್ತದೆ. ಆದರೆ ಕಾರ್ಟರ್ ತೀರಿಕೊಂಡದ್ದು 1908ರಲ್ಲೇ. ಹಾಗಾಗಿ ಕಥೆಯ ಬಣ್ಣವನ್ನು ಅಷ್ಟಕ್ಕಷ್ಟೇ ನಂಬಿ. ಹ್ಯಾಂಡಲ್ ಏಟು ಮಾತ್ರ ಸುಳ್ಳಲ್ಲ. ಲೇಲ್ಯಾಂಡ್ ಅವರಿಗೆ ಹ್ಯಾಂಡಲ್ ಇಲ್ಲದ ಕಾರು ಬೇಕಿತ್ತು ಎಂಬುದೂ ನಿಜ.

ಕೊಟ್ಟಿಗೆಯಲ್ಲಿ ಹುಟ್ಟಿದ ಸೆಲ್ಫ್

1909ರ ಹೊತ್ತಿಗೆ ಕೆಟರಿಂಗ್ ಕೆಲಸ ಬಿಟ್ಟು, ಗೆಳೆಯ ಎಡ್ವರ್ಡ್ ಡೀಡ್ಸ್ ಜೊತೆ ಡೆಲ್ಕೊ ಎಂಬ ಕಂಪನಿ ಕಟ್ಟಿದ್ದರು. ಡೀಡ್ಸ್ ಮನೆಯ ಹಿಂದಿನ ಕೊಟ್ಟಿಗೆಯೇ ಇವರ ಪ್ರಯೋಗಶಾಲೆ. ಎಂಜಿನನ್ನು ತಿರುಗಿಸುವ ಮೋಟಾರ್ ಎಂಜಿನಿನಷ್ಟೇ ದೊಡ್ಡದಾಗಬೇಕು ಎಂದು ಆಗಿನ ಹಲವು ತಜ್ಞರು ಭಾವಿಸಿದ್ದರು. ಕೆಟರಿಂಗ್ ಗಲ್ಲಾಪೆಟ್ಟಿಗೆಯ ಪಾಠ ನೆನೆದರು. ಚಿಕ್ಕ ಮೋಟಾರಿಗೆ ಕೆಲವೇ ಸೆಕೆಂಡು ಮಿತಿಮೀರಿದ ಭಾರ ಕೊಟ್ಟರೆ ಅದು ಸುಡುವುದಿಲ್ಲ, ಕೆಲಸವೂ ಆಗುತ್ತದೆ. ಎಂಜಿನ್ ಓಡತೊಡಗಿದ ಮೇಲೆ ಅದೇ ಯಂತ್ರ ಬ್ಯಾಟರಿ ಚಾರ್ಜ್ ಮಾಡುವಂತೆಯೂ ಜೋಡಿಸಿದರು.

1912ರ ಕ್ಯಾಡಿಲಾಕ್ ಕಾರುಗಳು ಈ ಸ್ಟಾರ್ಟರ್ ಜೊತೆಗೇ ಬಂದವು. ಫೋರ್ಡ್ ಕಂಪನಿಯ ಜನಪ್ರಿಯ ಮಾಡೆಲ್ ಟಿ ಕಾರಿಗೂ 1919ರಲ್ಲಿ ಸೆಲ್ಫ್ ಬಂತು. ತೋಳಿನಲ್ಲಿ ಅಷ್ಟು ಬಲ ಇಲ್ಲದವರೂ ಒಬ್ಬರೇ ಕಾರು ತೆಗೆದುಕೊಂಡು ಹೋಗುವಂತಾಯಿತು.

ಇಲ್ಲಿ ಒಂದು ಮಾತು ಗಮನಿಸಿ. ಕೆಟರಿಂಗ್ ಕೈ ನೋವನ್ನಷ್ಟೇ ತಪ್ಪಿಸಲಿಲ್ಲ. ಸ್ಟಾರ್ಟ್ ಮಾಡುವವನನ್ನು ಕಾರಿನ ಎದುರಿನಿಂದ ಎಬ್ಬಿಸಿ ಸೀಟಿನಲ್ಲಿ ಕೂರಿಸಿದರು. ಕಾಲು ಪೆಡಲ್ ಮೇಲೆ, ಕೈ ಸ್ಟೇರಿಂಗ್ ಮೇಲೆ, ಕಣ್ಣು ರಸ್ತೆ ಮೇಲೆ. ಗೇರಿನಲ್ಲಿದ್ದು ಕಾರು ಜಿಗಿದರೂ ತಡೆಯಲು ಒಬ್ಬರು ಒಳಗೇ ಇರುತ್ತಾರೆ. ರಿಮೋಟ್ ಸ್ಟಾರ್ಟ್ ಈ ಒಬ್ಬರನ್ನು ಮತ್ತೆ ಕಾರಿನಿಂದ ಹೊರಗೆ ಕಳಿಸುತ್ತದೆ.

ಮ್ಯಾನುವಲ್ ಕಾರಿನಲ್ಲಿ ಏನಾಗಬಹುದು?

ಆಟೊಮ್ಯಾಟಿಕ್ ಕಾರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸ್ಟಾರ್ಟ್ ಆಗುವುದೇ ಇಲ್ಲ. ಮ್ಯಾನುವಲ್ ಕಾರಿನಲ್ಲಿ ಗೇರ್ ಬಿದ್ದಿದ್ದು ಕ್ಲಚ್ ಒತ್ತದಿದ್ದರೆ, ಸ್ಟಾರ್ಟರ್ ಮೋಟಾರ್ ಎಂಜಿನ್ ಜೊತೆಗೆ ಚಕ್ರವನ್ನೂ ತಿರುಗಿಸುತ್ತದೆ. ಕಾರು ಜಿಗಿಯುತ್ತದೆ. ಎಂಜಿನ್ ಹೊತ್ತಿಕೊಂಡರೆ ಓಡಲೂಬಹುದು. ಇದನ್ನು ತಡೆಯಲೆಂದೇ ಈಗಿನ ಹಲವು ಕಾರುಗಳು ಕ್ಲಚ್ ಒತ್ತದೆ ಸ್ಟಾರ್ಟ್ ಆಗುವುದಿಲ್ಲ. ಹೊರಗೆ ಹಾಕಿಸುವ ಕಿಟ್ ಕೆಲಸ ಮಾಡಬೇಕಾದರೆ, ಕ್ಲಚ್ ಒತ್ತಿದೆ ಎಂದು ಕಾರಿಗೆ ಸುಳ್ಳು ಹೇಳುವಂತೆ ವೈರ್ ಜೋಡಿಸಬೇಕಾಗುತ್ತದೆ. ಅಂದರೆ ಕಾವಲುಗಾರನನ್ನೇ ಮಲಗಿಸಿದಂತೆ.

ಒಳ್ಳೆಯ ಕಿಟ್‌ಗಳಲ್ಲಿ ಇದಕ್ಕೊಂದು ಉಪಾಯ ಇರುತ್ತದೆ. ಎಂಜಿನ್ ಓಡುತ್ತಿರುವಾಗಲೇ ಹ್ಯಾಂಡ್‌ಬ್ರೇಕ್ ಹಾಕಿ, ಕೀ ತೆಗೆದು, ಕೆಳಗಿಳಿದು, ಬಾಗಿಲು ಮುಚ್ಚಬೇಕು. ಆಮೇಲೆ ಎಂಜಿನ್ ತಾನೇ ನಿಲ್ಲುತ್ತದೆ. ಕ್ಲಚ್ ಬಿಟ್ಟು ಇಳಿದ ಮೇಲೂ ಎಂಜಿನ್ ಓಡುತ್ತಿತ್ತು ಅಂದರೆ ಗೇರ್ ನ್ಯೂಟ್ರಲ್‌ನಲ್ಲೇ ಇತ್ತು ಎಂದರ್ಥ. ನಡುವೆ ಬಾಗಿಲು ತೆರೆದರೆ ರಿಮೋಟ್ ರದ್ದಾಗುತ್ತದೆ. ಆದರೆ ತೆರೆದ ಕಿಟಕಿಯಿಂದ ಕೈ ಹಾಕಿ ಯಾರಾದರೂ ಗೇರ್ ಬದಲಿಸಿದರೆ, ಒಳಗೇ ಉಳಿದ ಮಗು ಲಿವರ್ ಎಳೆದರೆ, ಬಾಗಿಲಿನ ಸ್ವಿಚ್ ಕೆಟ್ಟಿದ್ದರೆ, ಈ ಉಪಾಯಕ್ಕೆ ಅದು ತಿಳಿಯುವುದಿಲ್ಲ.

ಇಳಿಜಾರಿನ ಸಮಸ್ಯೆ ಬೇರೆ. ಇಳಿಜಾರಿನಲ್ಲಿ ನಿಲ್ಲಿಸುವಾಗ ಗೇರ್ ಹಾಕಿಡಿ ಎಂದು ಡ್ರೈವಿಂಗ್ ಕಲಿಸುವವರು ಹೇಳುತ್ತಾರೆ. ರಿಮೋಟ್ ಸ್ಟಾರ್ಟ್‌ಗೆ ನ್ಯೂಟ್ರಲ್ ಬೇಕು. ಆಗ ಕಾರನ್ನು ಹಿಡಿದಿರುವುದು ಹ್ಯಾಂಡ್‌ಬ್ರೇಕ್ ಒಂದೇ. ಅದರ ಕೇಬಲ್ ಸಡಿಲವಾಗಿದ್ದರೆ? ಮಲೆನಾಡಿನ ಅಂಗಳಗಳಲ್ಲಿ ಕಾರು ನಿಲ್ಲಿಸುವವರು ಇದನ್ನು ಯೋಚಿಸಲೇಬೇಕು.

ಮುಚ್ಚಿದ ಗ್ಯಾರೇಜಿನಲ್ಲಿ ಪೆಟ್ರೋಲ್, ಡೀಸೆಲ್ ಎಂಜಿನ್ ಓಡಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ಜೇಬಿನಲ್ಲಿ ಅಕಸ್ಮಾತ್ ಒತ್ತಿದ ಬಟನ್ ಕೂಡ ಇದಕ್ಕೆ ಸಾಕು.

ಅನುಕೂಲದ ಇನ್ನೊಂದು ಮುಖ

ಕೆಟರಿಂಗ್ ಜೀವನದಲ್ಲೂ ಇಂಥ ಪಾಠವಿದೆ. 1920ರಿಂದ 1947ರವರೆಗೆ ಅವರು ಜನರಲ್ ಮೋಟಾರ್ಸ್‌ನ ಸಂಶೋಧನೆಯ ಮುಖ್ಯಸ್ಥರಾಗಿದ್ದರು. 1921ರಲ್ಲಿ ಅವರ ಕೈಕೆಳಗಿನ ಥಾಮಸ್ ಮಿಜ್ಲಿ, ಸೀಸದ ಸಂಯುಕ್ತವೊಂದನ್ನು ಪೆಟ್ರೋಲಿಗೆ ಬೆರೆಸಿದರೆ ಎಂಜಿನಿನ ಬಡಿತ ನಿಲ್ಲುತ್ತದೆ ಎಂದು ಕಂಡುಕೊಂಡರು. ಅದನ್ನು ಮಾರಲು 1924ರಲ್ಲಿ ಹುಟ್ಟಿದ ಕಂಪನಿಗೆ ಕೆಟರಿಂಗ್ ಅವರೇ ಅಧ್ಯಕ್ಷರು. ಅದೇ ವರ್ಷ ನ್ಯೂಜೆರ್ಸಿಯ ಘಟಕದಲ್ಲಿ ಐವರು ಕಾರ್ಮಿಕರು ಸೀಸದ ವಿಷಕ್ಕೆ ಬಲಿಯಾದರು. ಸೀಸ ವಿಷ ಎಂಬುದು ಆಗಲೇ ಗೊತ್ತಿತ್ತು. ಆದರೂ ಮಾರಾಟ ನಡೆಯಿತು. ಆ ಪೆಟ್ರೋಲ್ ಭಾರತದ ಬಂಕ್‌ಗಳಿಂದ ಹೋದದ್ದು 2000ದಲ್ಲಿ. ಜಗತ್ತಿನ ಕೊನೆಯ ದೇಶವಾಗಿ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ.

ಅದೇ ಕೆಟರಿಂಗ್ ಹೆಸರು ನ್ಯೂಯಾರ್ಕಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಮೇಲೂ ಇದೆ. 1945ರಲ್ಲಿ ಅದನ್ನು ಕಟ್ಟಲು ಅವರು ನೆರವಾದರು. 1958ರ ನವೆಂಬರ್ 25ರಂದು, 82ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಾಗಾದರೆ ಏನು ಮಾಡಬೇಕು?

ಯಾವ ಕಾರಿಗೆ ಬೇಕಾದರೂ ಹಾಕಿಸಬಹುದು ಎಂಬ ಮಾತು ಅರ್ಧ ಸತ್ಯ. ಹಾಕಿಸಬಹುದು, ಆದರೆ ಎಲ್ಲ ಕಾರಿಗೂ ಸುರಕ್ಷಿತವಲ್ಲ. ನ್ಯೂಟ್ರಲ್ ಗುರುತಿಸುವ ಸೆನ್ಸರ್ ಇಟ್ಟು ಕಂಪನಿಯೇ ಕೊಟ್ಟ ಸೌಲಭ್ಯವಾದರೆ ಅದರ ಕೈಪಿಡಿಯಂತೆ ಬಳಸಿ. ಹೊರಗೆ ಹಾಕಿಸುವುದಾದರೆ ಮೂರು ಪ್ರಶ್ನೆ ಕೇಳಿ: ಗೇರ್ ನ್ಯೂಟ್ರಲ್‌ನಲ್ಲಿದೆ ಎಂದು ಈ ಕಿಟ್‌ಗೆ ಹೇಗೆ ಗೊತ್ತಾಗುತ್ತದೆ? ಹ್ಯಾಂಡ್‌ಬ್ರೇಕ್ ಹಾಕದಿದ್ದರೆ, ಬಾಗಿಲು ಅಥವಾ ಬಾನೆಟ್ ತೆರೆದರೆ ಸ್ಟಾರ್ಟ್ ನಿಲ್ಲುತ್ತದೆಯೇ? ವೈರ್ ಕತ್ತರಿಸಿದರೆ ವಾರಂಟಿ ಉಳಿಯುತ್ತದೆಯೇ? ಸರಿಯಾದ ಉತ್ತರ ಸಿಗದಿದ್ದರೆ ಹಾಕಿಸಬೇಡಿ. ಹಾಕಿಸಿದ್ದರೆ ಮೆಕ್ಯಾನಿಕ್‌ಗೆ, ಮನೆಯವರಿಗೆ, ಕಾರು ಎರವಲು ಪಡೆಯುವವರಿಗೆ ಮೊದಲೇ ತಿಳಿಸಿ. ಕಾರಿನ ಮುಂದೆ ಬಗ್ಗಿ ನಿಂತವರಿಗೆ, ನಿಮ್ಮ ಜೇಬಿನಲ್ಲಿ ಬಟನ್ ಇದೆ ಎಂಬುದು ಗೊತ್ತಿರುವುದಿಲ್ಲ.

ಆ ವಿಡಿಯೋ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ, ಜೊತೆಗೆ ಈ ಲೇಖನವನ್ನೂ ಕಳಿಸಿ.