ತಾಯಂದಿರ ಮಾತಿಗೆ ಕಿವಿಗೊಟ್ಟ ವೈದ್ಯ

ನಾರ್ಮನ್ ಗ್ರೆಗ್ 1892ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಜನಿಸಿದರು. ಮೊದಲ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದು, ಅನಂತರ ಊರಿಗೆ ಮರಳಿ ಕಣ್ಣಿನ ವೈದ್ಯರಾದರು.

1941ರಲ್ಲಿ ಅವರ ಬಳಿಗೆ ಹುಟ್ಟಿನಿಂದಲೇ ಕಣ್ಣಿಗೆ ಪೊರೆ ಬಂದಿದ್ದ ಶಿಶುಗಳು ಒಂದಾದ ಮೇಲೊಂದು ಬಂದವು. ಪೊರೆ ಸಾಮಾನ್ಯವಾಗಿ ಮುದುಕರಿಗೆ ಬರುವಂಥದ್ದು. ಎಳೆಗೂಸುಗಳಿಗೇಕೆ? ಗ್ರೆಗ್ ತಾಯಂದಿರನ್ನು ವಿಚಾರಿಸಿದರು. ಹೆಚ್ಚಿನವರಿಗೆ ಗರ್ಭಿಣಿಯಾಗಿದ್ದ ಮೊದಲ ತಿಂಗಳುಗಳಲ್ಲಿ ರುಬೆಲ್ಲ ಬಂದಿತ್ತು. ಮೈಮೇಲೆ ದದ್ದು ಎದ್ದು ಕೆಲವೇ ದಿನಗಳಲ್ಲಿ ವಾಸಿಯಾಗುವ ಈ ಕಾಯಿಲೆಗೆ ಆಗ ಯಾರೂ ಹೆದರುತ್ತಿರಲಿಲ್ಲ. ಗ್ರೆಗ್ 78 ಶಿಶುಗಳ ವಿವರ ಕಲೆಹಾಕಿ ಅದೇ ವರ್ಷ ಪ್ರಕಟಿಸಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಇನ್ನೊಂದು ಸಂಗತಿ ತಿಳಿಯಿತು: ಇಂಥ ಅನೇಕ ಮಕ್ಕಳಿಗೆ ಕಿವಿಯೂ ಕೇಳುತ್ತಿರಲಿಲ್ಲ.

ಪೊರೆ ಕಣ್ಣಿಗೆ ಕಾಣುತ್ತದೆ, ಕಿವುಡು ಕಾಣುವುದಿಲ್ಲ. ಮಗು ಮಾತು ಕಲಿಯದಿದ್ದಾಗಲೇ ಮನೆಯವರಿಗೆ ಅನುಮಾನ ಬರುತ್ತದೆ. ಅಷ್ಟರಲ್ಲಿ ಭಾಷೆ ಕಲಿಯುವ ಅಮೂಲ್ಯ ಸಮಯ ಕಳೆದಿರುತ್ತದೆ. ಆದ್ದರಿಂದ ತಾಯಿಗೆ ರುಬೆಲ್ಲ ಬಂದಿದ್ದರೆ, ಕೂಸು ದಿನ ತುಂಬುವ ಮೊದಲೇ ಹುಟ್ಟಿದ್ದರೆ, ಕಾಮಾಲೆ ವಿಪರೀತವಾಗಿದ್ದರೆ ತಪ್ಪದೆ ಕಿವಿ ಪರೀಕ್ಷೆ ಮಾಡಿಸಬೇಕು. ಒಂದು ಬಗೆಯ ಪರೀಕ್ಷೆಯಲ್ಲಿ, ಮಲಗಿರುವ ಕೂಸಿನ ಕಿವಿಗೆ ಪುಟ್ಟ ಕೊಳವೆಯಿಟ್ಟು ಮೆಲುದನಿ ಕೇಳಿಸುತ್ತಾರೆ. ಆರೋಗ್ಯವಾಗಿರುವ ಒಳಕಿವಿ ಅದಕ್ಕೆ ಸಣ್ಣ ಮಾರ್ದನಿ ಕೊಡುತ್ತದೆ; ಯಂತ್ರ ಅದನ್ನು ಗುರುತಿಸುತ್ತದೆ. ಮಾರ್ದನಿ ಸಿಗದಿದ್ದರೆ ಮತ್ತೆ ಪರೀಕ್ಷಿಸುತ್ತಾರೆ. ದೋಷವಿದ್ದು, ಆರು ತಿಂಗಳೊಳಗೆ ನೆರವು ದೊರೆತರೆ ಮಗು ಭಾಷೆಯನ್ನು ಚೆನ್ನಾಗಿ ಕಲಿಯಬಲ್ಲದು.

ಗ್ರೆಗ್ 1966ರಲ್ಲಿ ನಿಧನರಾದರು. ಮೂರು ವರ್ಷಗಳ ಬಳಿಕ, 1969ರಲ್ಲಿ, ಅಮೆರಿಕದಲ್ಲಿ ರುಬೆಲ್ಲ ಲಸಿಕೆ ಬಳಕೆಗೆ ಬಂತು. 2017ರಲ್ಲಿ ಕರ್ನಾಟಕದ ಶಾಲೆಗಳಲ್ಲೂ ದಡಾರ-ರುಬೆಲ್ಲ ಲಸಿಕೆ ಹಾಕಲಾಯಿತು. ಮಕ್ಕಳೇ, ನೀವು ಈ ಲಸಿಕೆ ಹಾಕಿಸಿಕೊಂಡಿದ್ದೀರಾ? ಮನೆಯಲ್ಲಿ ಕೇಳಿ ತಿಳಿದುಕೊಳ್ಳಿ.